ಚೆಂಡೇಟಿಗೆ ಚೆಂಡೇಟೇ ಉತ್ತರವೇ?

ಪ್ರಶ್ನೆ: ಕೆಲಸದ ನಿಮಿತ್ತ ಅಮೆರಿಕಕ್ಕೆ ಬಂದ ಮೇಲೆ ಬೇಸ್‌ಬಾಲ್ ನೋಡುವ ಹುಚ್ಚು ಹತ್ತಿದೆ. ಎದುರಾಳಿ ಪಿಚರ್ ಬೇಕೆಂದೇ ನಮ್ಮ ಬ್ಯಾಟರ್‌ನ ಮೈಗೆ ಚೆಂಡು ಎಸೆದರೆ, ಮುಂದಿನ ಇನಿಂಗ್ಸ್‌ನಲ್ಲಿ ನಮ್ಮ ಪಿಚರ್ ಅವರಲ್ಲೊಬ್ಬನಿಗೆ ಹೊಡೆಯಲೇಬೇಕು, ಇಲ್ಲದಿದ್ದರೆ ಅವರು ತಲೆಯ ಮೇಲೆ ಹತ್ತಿ ಕೂರುತ್ತಾರೆ ಎಂದು ಇಲ್ಲಿನ ಗೆಳೆಯರು ವಾದಿಸುತ್ತಾರೆ. ಇದು ಸರಿಯೇ? ನನ್ನ ಹನ್ನೆರಡು ವರ್ಷದ ಮಗ ಲಿಟಲ್ ಲೀಗ್‌ನಲ್ಲಿ ಆಡುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಹೊಡೆಯಬಾರದು. ನಿಮ್ಮ ಗೆಳೆಯರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ; ನೂರು ವರ್ಷಕ್ಕೂ ಹೆಚ್ಚು ಕಾಲ ಮೇಜರ್ ಲೀಗ್‌ನ (ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್) ಡಗೌಟ್‌ಗಳಲ್ಲಿ, ಅಂದರೆ ಆಟಗಾರರು ಕೂರುವ ಜಾಗಗಳಲ್ಲಿ, ಅದೇ ನ್ಯಾಯ ನಡೆದುಬಂದಿದೆ. ಆದರೆ ರನ್ನಿನ ಲೆಕ್ಕ ಹಾಕಿ ನೋಡಿ, ಚೆಂಡಿನ ವೇಗ ಅಳೆದು ನೋಡಿ, ನಿಯಮಪುಸ್ತಕ ತೆರೆದು ನೋಡಿ, ಆ ನ್ಯಾಯ ಎಲ್ಲಿಯೂ ನಿಲ್ಲುವುದಿಲ್ಲ. ಇವೆಲ್ಲಕ್ಕೂ ಮೊದಲಿನ ಮಾತು ಒಂದಿದೆ: ತಪ್ಪು ಮಾಡಿದವನು ಒಬ್ಬ, ಏಟು ತಿನ್ನುವವನು ಇನ್ನೊಬ್ಬ.

ಏಟು ಬಿದ್ದದ್ದು ಬೇಕೆಂದೇ ಹೌದೋ ಅಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಮೇಜರ್ ಲೀಗ್‌ನಲ್ಲಿ 2021ರ ಒಂದೇ ಋತುವಿನಲ್ಲಿ ಬ್ಯಾಟರ್‌ಗಳಿಗೆ ಚೆಂಡು ತಗುಲಿದ್ದು 2,000ಕ್ಕೂ ಹೆಚ್ಚು ಬಾರಿ. ಇವುಗಳಲ್ಲಿ ಬಹುಪಾಲು ಕೈತಪ್ಪಿದ ಎಸೆತಗಳೇ. ಬಲಗೈ ಪಿಚರ್‌ನ ಸಿಂಕರ್ (ಕೆಳಕ್ಕಿಳಿಯುತ್ತ ಬರುವ ವೇಗದ ಎಸೆತ) ಗಾಳಿಯಲ್ಲಿ ಬಲಗೈ ಬ್ಯಾಟರ್‌ನ ಕಡೆಗೇ ಸರಿಯುತ್ತದೆ. ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿನ ಒಳ ಅಂಚಿಗೆ (ಅವನ ಕಡೆಯ ಅಂಚಿಗೆ) ಗುರಿಯಿಟ್ಟ ಚೆಂಡು ಒಂದು ಗೇಣು ಹೆಚ್ಚು ಸರಿದರೆ ಬೆರಳಿಗೋ ಮೊಣಕೈಗೋ ಬಡಿಯುತ್ತದೆ. ಈಚೆಗೆ ವೇಗಕ್ಕೆ ಸಿಗುತ್ತಿರುವ ಬೆಲೆ ನಿಖರತೆಗೆ ಸಿಗುತ್ತಿಲ್ಲವಾದ್ದರಿಂದ ಇಂಥ ಏಟು ಹೆಚ್ಚಾಗಿದೆ. ಬ್ರೇಕಿಂಗ್ ಬಾಲ್ (ಬಾಗುತ್ತ ಬರುವ ನಿಧಾನದ ಎಸೆತ) ತಗುಲಿದರೆ, ಅಥವಾ ಎರಡು ಸ್ಟ್ರೈಕ್ ಆದ ಮೇಲೆ (ಮೂರನೆಯದಕ್ಕೆ ಬ್ಯಾಟರ್ ಔಟ್) ತಗುಲಿದರೆ, ಅದು ಉದ್ದೇಶಪೂರ್ವಕವಾಗಿರುವ ಸಾಧ್ಯತೆ ತೀರಾ ಕಡಿಮೆ. ಔಟಿನ ಅಂಚಿಗೆ ತಂದು ನಿಲ್ಲಿಸಿದವನಿಗೆ ಯಾರೂ ಚೆಂಡು ತಗುಲಿಸಿ ಬಿಟ್ಟಿ ಬೇಸ್ (ಓಟದ ನಿಲುಗಡೆ) ಕೊಡುವುದಿಲ್ಲ. ಅಂಪೈರ್‌ಗಳು ನೋಡುವ ಗುರುತುಗಳು ಬೇರೆ: ಆ ಸರದಿಯ ಮೊದಲ ಎಸೆತವೇ ಆಗಿತ್ತೇ, ಪೂರ್ಣವೇಗದ ಫಾಸ್ಟ್‌ಬಾಲ್ ಆಗಿತ್ತೇ, ಬೇಸ್‌ಗಳು ಖಾಲಿ ಇದ್ದವೇ, ಸ್ಕೋರಿನ ಅಂತರ ದೊಡ್ಡದಿತ್ತೇ, ಅದೇ ಬ್ಯಾಟರ್ ಹಿಂದಿನ ಸರದಿಯಲ್ಲಿ ಹೋಮ್ ರನ್ ಹೊಡೆದಿದ್ದನೇ, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಗ್ಲೌಸ್ ಎಲ್ಲಿ ಹಿಡಿದಿದ್ದ. ಇವುಗಳಲ್ಲಿ ನಾಲ್ಕೈದು ಒಟ್ಟಿಗೆ ಕೂಡಿಬಂದರೆ ಅನುಮಾನ ಗಟ್ಟಿಯಾಗುತ್ತದೆ. 2018ರ ಆಗಸ್ಟ್ 15ರಂದು ಮಯಾಮಿಯ ಹೋಸೆ ಉರೆನ್ಯಾ, ಸತತ ಐದು ಪಂದ್ಯಗಳಲ್ಲಿ ಹೋಮ್ ರನ್ ಹೊಡೆದಿದ್ದ ಅಟ್ಲಾಂಟಾದ ರೊನಾಲ್ಡ್ ಅಕುನ್ಯಾಗೆ ಮೊದಲ ಎಸೆತದಲ್ಲೇ ಗಂಟೆಗೆ 97 ಮೈಲಿ ಮೀರಿದ ವೇಗದಲ್ಲಿ ಮೊಣಕೈಗೆ ಹೊಡೆದಾಗ ಯಾರಿಗೂ ಹೆಚ್ಚು ಯೋಚಿಸಬೇಕಾಗಲಿಲ್ಲ. ಅಷ್ಟು ಸ್ಪಷ್ಟವಾದ ಪ್ರಸಂಗಗಳು ಅಪರೂಪ. ಸೇಡಿನ ಮೊದಲ ತೊಡಕೇ ಇದು: ಬಹಳ ಸಲ ಅದು ಕೈತಪ್ಪಿದ ಚೆಂಡಿಗೆ ಕೊಟ್ಟ ಶಿಕ್ಷೆಯಾಗಿಬಿಡುತ್ತದೆ.

ಸೇಡಿಗೂ ಅಲಿಖಿತ ಕಟ್ಟಳೆಗಳಿವೆ. ಭುಜಕ್ಕಿಂತ ಮೇಲೆ ಎಸೆಯಕೂಡದು. ಪಕ್ಕೆಲುಬು, ಪಿರ್ರೆ, ತೊಡೆ ಇವೇ ಗುರಿ. ಅವರು ನಮ್ಮ ಮುಖ್ಯ ಆಟಗಾರನಿಗೆ ಹೊಡೆದಿದ್ದರೆ ನಾವೂ ಅವರ ಮುಖ್ಯ ಆಟಗಾರನಿಗೇ ಹೊಡೆಯಬೇಕು. ಎರಡು ಔಟಾಗಿ ಬೇಸ್ ಖಾಲಿ ಇರುವಾಗ ಹೊಡೆದರೆ ನಷ್ಟ ಕಡಿಮೆ. ಒಂದು ಏಟಿಗೆ ಒಂದೇ ಏಟು, ಅಲ್ಲಿಗೆ ಲೆಕ್ಕ ಚುಕ್ತಾ. ಕೇಳುವುದಕ್ಕೆ ಅಚ್ಚುಕಟ್ಟಾಗಿದೆ. ಮನುಷ್ಯನ ತೋಳು ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದಿಲ್ಲ.

ಪಿಚರ್ ನಿಲ್ಲುವ ಪಟ್ಟಿಯಿಂದ ಹೋಮ್ ಪ್ಲೇಟಿಗೆ 60 ಅಡಿ 6 ಅಂಗುಲ. ಅವನು ಮುಂದಕ್ಕೆ ಹೆಜ್ಜೆಯಿಟ್ಟು ಚೆಂಡು ಬಿಡುವ ಹೊತ್ತಿಗೆ ಉಳಿಯುವುದು ಸುಮಾರು 54 ಅಡಿ. ಗಂಟೆಗೆ 95 ಮೈಲಿ (153 ಕಿ.ಮೀ.) ವೇಗದ ಚೆಂಡು ಅಷ್ಟು ದೂರ ಕ್ರಮಿಸಲು ಬೇಕಾದದ್ದು 0.4 ಸೆಕೆಂಡು. ಚೆಂಡು ಬಿಡುವ ಕೋನದಲ್ಲಿ ಒಂದು ಡಿಗ್ರಿ ವ್ಯತ್ಯಾಸವಾದರೆ ಪ್ಲೇಟಿನ ಬಳಿ ಅದು ಸುಮಾರು 29 ಸೆಂ.ಮೀ. ಅತ್ತಿತ್ತ ಹೋಗುತ್ತದೆ. ಬಾಗಿ ನಿಂತ ಬ್ಯಾಟರ್‌ನ ಸೊಂಟಕ್ಕೂ ತಲೆಗೂ ಇರುವ ಅಂತರವನ್ನು ದಾಟಲು ಎರಡು-ಎರಡೂವರೆ ಡಿಗ್ರಿ ಸಾಕು. ಸಿಟ್ಟಿನಲ್ಲಿರುವ ಪಿಚರ್ ಎಂದಿಗಿಂತ ಜೋರಾಗಿ ಎಸೆಯುತ್ತಾನೆ, ಚೆಂಡನ್ನು ಬೇಗ ಬಿಡುತ್ತಾನೆ. ಬೇಗ ಬಿಟ್ಟ ಚೆಂಡು ಮೇಲಕ್ಕೇ ಏಳುತ್ತದೆ. ಸ್ಟ್ರೈಕ್ ವಲಯಕ್ಕೆ (ಪ್ಲೇಟಿನ ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯವರೆಗಿನ ಜಾಗಕ್ಕೆ) ಎಸೆಯುವುದನ್ನು ಸಾವಿರಾರು ಸಲ ಅಭ್ಯಾಸ ಮಾಡಿದ ತೋಳು, ಮನುಷ್ಯನ ಪಕ್ಕೆಗೆ ಎಸೆಯುವುದನ್ನು ಅಭ್ಯಾಸ ಮಾಡಿರುವುದಿಲ್ಲ. ಬೆನ್ನ ಹಿಂದೆ ಎಸೆದು 'ಬರೀ ಹೆದರಿಸಿದೆ' ಎನ್ನುವುದಂತೂ ಎಲ್ಲಕ್ಕಿಂತ ಅಪಾಯ. ಮೈಮೇಲೆ ಬರುವ ಚೆಂಡು ಕಂಡಾಗ ದೇಹ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ, ಅಂದರೆ ಚೆಂಡಿನ ದಾರಿಗೇ ಹೋಗುತ್ತದೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದನ್ನು ಬೌನ್ಸರ್ ಜೊತೆ ಹೋಲಿಸಬೇಕೆನಿಸಬಹುದು. ಬೌನ್ಸರ್ ನೆಲಕ್ಕೆ ಬಡಿದು ವೇಗ ಕಳೆದುಕೊಂಡು ಬರುತ್ತದೆ, ಬ್ಯಾಟ್ಸ್‌ಮನ್ ಅದನ್ನು ಹುಕ್ ಮಾಡಬಹುದು. ಇದು ಬೀಮರ್‌ಗೆ ಹತ್ತಿರ. ಸೊಂಟದ ಮೇಲೆ ನೇರವಾಗಿ ಬರುವ ಚೆಂಡನ್ನು ಕ್ರಿಕೆಟ್ ನೋಬಾಲ್ ಎನ್ನುತ್ತದೆ. ಅಪಾಯಕಾರಿ ಎನಿಸಿದರೆ ಬೌಲರ್‌ಗೆ ಎಚ್ಚರಿಕೆ, ಮರುಕಳಿಸಿದರೆ ಅವನ ಬೌಲಿಂಗ್ ಅಲ್ಲಿಗೆ ಮುಗಿಯಿತು.

1920ರ ಆಗಸ್ಟ್ 16ರಂದು ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಯಾಂಕೀಸ್ ಪಿಚರ್ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲೆಂಡ್‌ನ ಶಾರ್ಟ್‌ಸ್ಟಾಪ್ ರೇ ಚಾಪ್‌ಮನ್ ತಲೆಗೆ ಬಿತ್ತು. ಮರುದಿನ ಆತ ತೀರಿಕೊಂಡ. 1967ರ ಆಗಸ್ಟ್ 18ರಂದು ಬಾಸ್ಟನ್‌ನ ಟೋನಿ ಕೊನಿಗ್ಲಿಯಾರೋನ ಕೆನ್ನೆಯ ಮೂಳೆ ಮುರಿದು, ಕಣ್ಣಿನ ಅಕ್ಷಿಪಟಲಕ್ಕೆ ಪೆಟ್ಟಾಗಿ, 1968ರ ಇಡೀ ಋತು ಆಡಲಾಗಲಿಲ್ಲ. ಅವನ ದೃಷ್ಟಿ ಮತ್ತೆ ಮೊದಲಿನಂತಾಗಲೇ ಇಲ್ಲ. ಈ ಎರಡು ಏಟುಗಳ ಹಿಂದೆ ಸೇಡಿತ್ತೆಂದು ಹೇಳುತ್ತಿಲ್ಲ. ತಲೆಯತ್ತ ಹೋದ ಚೆಂಡಿಗೆ ಎಸೆದವನ ಉದ್ದೇಶ ಗೊತ್ತಿರುವುದಿಲ್ಲ ಎನ್ನುತ್ತಿದ್ದೇನೆ. ಈಗ ಹೆಲ್ಮೆಟ್ ಕಡ್ಡಾಯ, ಒಂದು ಕಿವಿಗೆ ರಕ್ಷಣೆಯಿದೆ, ಹಲವರು ದವಡೆಗೂ ಪಟ್ಟಿ ಹಾಕಿಸಿಕೊಳ್ಳುತ್ತಾರೆ. ಮಣಿಕಟ್ಟು, ಬೆರಳು, ಪಕ್ಕೆಲುಬುಗಳಿಗೆ ಅಂಥ ಕವಚವಿಲ್ಲ. ಕೈಮೂಳೆ ಮುರಿದರೆ ವಾರಗಟ್ಟಲೆ ಆಟವಿಲ್ಲ. 'ತೊಡೆಗೆ ಹೊಡೆದರೆ ಏನಾಗುತ್ತದೆ' ಎನ್ನುವವರು, ಬ್ಯಾಟರ್ ತಪ್ಪಿಸಿಕೊಳ್ಳಲು ತಿರುಗಿದಾಗ ಅವನ ಕೈ ಎಲ್ಲಿರುತ್ತದೆ ಎಂಬುದನ್ನು ಮರೆಯುತ್ತಾರೆ.

ಇನ್ನು ರನ್ನಿನ ಲೆಕ್ಕ. ಚೆಂಡು ತಗುಲಿಸಿಕೊಂಡ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟಿ ಸಿಗುತ್ತದೆ. ಇನಿಂಗ್ಸ್‌ನ ಆರಂಭದಲ್ಲಿ, ಔಟೂ ಇಲ್ಲದೆ ಓಟಗಾರನೂ ಇಲ್ಲದೆ ಇರುವಾಗ, ಒಂದು ತಂಡ ಆ ಇನಿಂಗ್ಸ್ ಮುಗಿಯುವುದರೊಳಗೆ ಸರಾಸರಿ ಅರ್ಧ ರನ್ ಗಳಿಸುತ್ತದೆ. ಒಬ್ಬ ಮೊದಲ ಬೇಸ್‌ನಲ್ಲಿದ್ದರೆ ಆ ಸರಾಸರಿ 0.85ರ ಆಸುಪಾಸಿಗೆ ಏರುತ್ತದೆ. ಅಂದರೆ ಸೇಡಿನ ಎಸೆತದ ಬೆಲೆ ಮೂರನೇ ಒಂದು ರನ್ನಿಗಿಂತ ಹೆಚ್ಚು. ಎರಡು ಔಟಾದ ಮೇಲಾದರೆ ನಷ್ಟ 0.12ರಷ್ಟಕ್ಕೆ ಇಳಿಯುತ್ತದೆ; ಹಳಬರು ಎರಡು ಔಟಿಗಾಗಿ ಕಾಯುತ್ತಿದ್ದದ್ದು ಇದೇ ಕಾರಣಕ್ಕೆ. ಆದರೆ ದೊಡ್ಡ ನಷ್ಟ ಇರುವುದು ಬೇರೆಡೆ. ಸೇಡಿಗೆ ಹೊಡೆದ ಸ್ಟಾರ್ಟರ್‌ನನ್ನು (ಪಂದ್ಯ ಆರಂಭಿಸುವ ಪಿಚರ್) ಅಂಪೈರ್ ಎರಡನೇ ಇನಿಂಗ್ಸ್‌ನಲ್ಲೇ ಹೊರಹಾಕಿದರೆ ಉಳಿದ ಏಳು ಇನಿಂಗ್ಸ್ ಬುಲ್‌ಪೆನ್, ಅಂದರೆ ಬದಲಿ ಪಿಚರ್‌ಗಳು (ರಿಲೀವರ್‌ಗಳು), ಎಳೆಯಬೇಕು. 26 ಜನರ ತಂಡದಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚು ಇರುವಂತಿಲ್ಲ. ಆ ದಿನ ಸುಸ್ತಾದ ರಿಲೀವರ್‌ಗಳು ಮರುದಿನಕ್ಕೂ ಅದರ ಮರುದಿನಕ್ಕೂ ಸಿಗುವುದಿಲ್ಲ. ಒಂದು ಸೇಡು ಮೂರು ಪಂದ್ಯಗಳನ್ನು ತಿನ್ನುತ್ತದೆ.

ನಿಯಮ ಏನೆನ್ನುತ್ತದೆ? ಮೇಜರ್ ಲೀಗ್ ನಿಯಮಾವಳಿಯ 6.02(ಸಿ)(9) ಪ್ರಕಾರ ಪಿಚರ್ ಬ್ಯಾಟರ್‌ಗೆ ಉದ್ದೇಶಪೂರ್ವಕವಾಗಿ ಎಸೆಯುವಂತಿಲ್ಲ. ಎಸೆದನೆಂದು ಅಂಪೈರ್‌ಗೆ ಅನಿಸಿದರೆ ಎರಡು ದಾರಿ: ಪಿಚರ್‌ನನ್ನು, ಅಥವಾ ಪಿಚರ್ ಮತ್ತು ಮ್ಯಾನೇಜರ್ (ತಂಡದ ಮುಖ್ಯ ತರಬೇತುದಾರ) ಇಬ್ಬರನ್ನೂ, ತಕ್ಷಣ ಹೊರಹಾಕುವುದು, ಇಲ್ಲವೇ ಎರಡೂ ತಂಡಗಳಿಗೆ ಎಚ್ಚರಿಕೆ ಕೊಟ್ಟು, ಮುಂದೆ ಯಾರು ಎಸೆದರೂ ಪಿಚರ್ ಮತ್ತು ಮ್ಯಾನೇಜರ್ ಹೊರಗೆ ಎಂದು ಸಾರುವುದು. ಹಳೇ ವೈರವಿರುವ ತಂಡಗಳಾದರೆ ಪಂದ್ಯ ಆರಂಭವಾಗುವ ಮೊದಲೇ ಎಚ್ಚರಿಕೆ ಕೊಡಲು ಅವಕಾಶವಿದೆ.

ಇಲ್ಲಿ ನಿಮ್ಮ ಗೆಳೆಯರ ದೂರಿನಲ್ಲಿ ನ್ಯಾಯವಿದೆ. ಅಂಪೈರ್ ಎರಡನೇ ದಾರಿ ಹಿಡಿದಾಗ ಮೊದಲು ಹೊಡೆದವನು ಆಟದಲ್ಲೇ ಉಳಿಯುತ್ತಾನೆ; ಏಟು ತಿಂದ ತಂಡದ ಪಿಚರ್ ಒಳ ಅಂಚಿಗೆ ಎಸೆಯಲೂ ಅಂಜುತ್ತಾನೆ. ನಿಷೇಧದ ಅಳತೆಯೂ ಸರಿಯಿಲ್ಲ. ಉರೆನ್ಯಾಗೆ ಆರು ಪಂದ್ಯಗಳ ನಿಷೇಧ ಬಿತ್ತು ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಸ್ಟಾರ್ಟರ್ ಎಸೆಯುವುದೇ ಐದಾರು ದಿನಕ್ಕೊಮ್ಮೆ, ಹಾಗಾಗಿ ತಪ್ಪುವುದು ಒಂದೇ ಸರದಿ. 2012ರಲ್ಲಿ ಫಿಲಡೆಲ್ಫಿಯಾದ ಕೋಲ್ ಹ್ಯಾಮಲ್ಸ್ ಬೇಕೆಂದೇ ಹೊಡೆದೆ ಎಂದು ತಾನೇ ಒಪ್ಪಿಕೊಂಡರೂ ಸಿಕ್ಕದ್ದು ಐದು ಪಂದ್ಯಗಳ ನಿಷೇಧ. ಅವನ ಮುಂದಿನ ಸರದಿ ಒಂದು ದಿನ ತಡವಾಯಿತು, ಅಷ್ಟೇ. ನಿಷೇಧವನ್ನು ಪಂದ್ಯಗಳಲ್ಲಿ ಎಣಿಸದೆ ಸ್ಟಾರ್ಟರ್‌ಗಳ ಮಟ್ಟಿಗೆ ಸರದಿಗಳಲ್ಲಿ ಎಣಿಸಬೇಕು, ಕನಿಷ್ಠ ಎರಡು. ಉದ್ದೇಶ ಸ್ಪಷ್ಟವಿದ್ದರೆ ಮೊದಲು ಹೊಡೆದವನನ್ನೇ ಹೊರಹಾಕಬೇಕು. ಅಂಪೈರ್‌ಗಳಿಗೆ ಆ ಅಧಿಕಾರ ಈಗಲೇ ಇದೆ, ಬಳಸುವ ಧೈರ್ಯ ಬೇಕು. ಲೀಗ್ ಈ ಕೆಲಸವನ್ನು ಸರಿಯಾಗಿ ಮಾಡದಿರುವುದರಿಂದಲೇ ಆಟಗಾರರು ಅದನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಆದರೆ ಅವರ ಕೈಯಲ್ಲಿ ಅದು ಇನ್ನೂ ಕೆಡುತ್ತದೆ.

ಹೇಗೆ ಕೆಡುತ್ತದೆ ಎಂಬುದಕ್ಕೆ 2017ರ ಬಾಸ್ಟನ್–ಬಾಲ್ಟಿಮೋರ್ ಪ್ರಸಂಗ ನೋಡಿ. ಏಪ್ರಿಲ್ 21ರಂದು ಬಾಲ್ಟಿಮೋರ್‌ನ ಮ್ಯಾನಿ ಮಚಾಡೊ ಎರಡನೇ ಬೇಸ್‌ಗೆ ಜಾರಿದಾಗ ಬಾಸ್ಟನ್‌ನ ಡಸ್ಟಿನ್ ಪೆಡ್ರೋಯಾನ ಕಾಲಿಗೆ ಪೆಟ್ಟಾಯಿತು. ಎರಡು ದಿನದ ನಂತರ ಬಾಸ್ಟನ್‌ನ ಮ್ಯಾಟ್ ಬಾರ್ನ್ಸ್ ಎಸೆದ ಚೆಂಡು ಮಚಾಡೊನ ತಲೆಯ ಹಿಂದಿನಿಂದ ಹೋಯಿತು. ಯಾರ ಪರವಾಗಿ ಈ ಸೇಡೋ ಆ ಪೆಡ್ರೋಯಾನೇ ಡಗೌಟಿನಿಂದ ಮಚಾಡೊಗೆ, ಇದು ತನ್ನ ಕೆಲಸವಲ್ಲ ಎಂದು ಸನ್ನೆ ಮಾಡಿದ. ಬಾರ್ನ್ಸ್‌ಗೆ ನಾಲ್ಕು ಪಂದ್ಯಗಳ ನಿಷೇಧ. ಮೇ 1ರಂದು ಬಾಲ್ಟಿಮೋರ್‌ನ ಡಿಲನ್ ಬಂಡಿಯ ಚೆಂಡು ಮೂಕಿ ಬೆಟ್ಸ್‌ಗೆ ಬಡಿಯಿತು. ಆ ಜಾರುವಿಕೆಗೂ ಬೆಟ್ಸ್‌ಗೂ ಸಂಬಂಧವೇ ಇರಲಿಲ್ಲ. ಮೇ 2ರಂದು ಕ್ರಿಸ್ ಸೇಲ್ ಮತ್ತೆ ಮಚಾಡೊನ ಬೆನ್ನ ಹಿಂದೆ ಎಸೆದ. ಮೇ 3ರಂದು ಕಾವು ಎಷ್ಟೇರಿತ್ತೆಂದರೆ, ಬಾಲ್ಟಿಮೋರ್‌ನ ಕೆವಿನ್ ಗಾಸ್ಮನ್ ಎಸೆದ ಗಂಟೆಗೆ 77 ಮೈಲಿಯ ಒಂದು ಕರ್ವ್‌ಬಾಲ್ ಬ್ಯಾಟರ್‌ಗೆ ತಗುಲಿದ್ದಕ್ಕೆ ಎರಡನೇ ಇನಿಂಗ್ಸ್‌ನಲ್ಲೇ ಅವನನ್ನು ಹೊರಹಾಕಿದರು. ಕರ್ವ್‌ಬಾಲ್‌ನಿಂದ ಸೇಡು ತೀರಿಸುವವರು ಯಾರೂ ಇಲ್ಲ. ಹನ್ನೆರಡು ದಿನಗಳಲ್ಲಿ ಯಾವ ಲೆಕ್ಕವೂ ಚುಕ್ತಾ ಆಗಲಿಲ್ಲ, ಏಕೆಂದರೆ ಒಬ್ಬರು 'ಕೊನೆಯದು' ಎಂದುಕೊಂಡ ಏಟು ಇನ್ನೊಬ್ಬರಿಗೆ ಮೊದಲನೆಯದಾಗಿ ಕಾಣುತ್ತದೆ.

ಹಿಂದೆ ಒಂದು ಸಮಾಧಾನವಾದರೂ ಇತ್ತು: ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನಲ್ಲಿ ಪಿಚರ್ ತಾನೂ ಬ್ಯಾಟ್ ಹಿಡಿಯಬೇಕಾಗಿತ್ತು. ಹೊಡೆದವನಿಗೇ ವಾಪಸು ಹೊಡೆಯಬಹುದಿತ್ತು. 1984ರ ಆಗಸ್ಟ್ 12ರಂದು ಅಟ್ಲಾಂಟಾದ ಪಾಸ್ಕ್ವಾಲ್ ಪೆರೆಸ್ ಪಂದ್ಯದ ಮೊದಲ ಎಸೆತದಲ್ಲೇ ಸ್ಯಾನ್ ಡಿಯೇಗೊದ ಅಲನ್ ವಿಗ್ಗಿನ್ಸ್‌ಗೆ ಹೊಡೆದ. ಪೆರೆಸ್ ಬ್ಯಾಟಿಗೆ ಬಂದಾಗಲೆಲ್ಲ ಸ್ಯಾನ್ ಡಿಯೇಗೊ ಪಿಚರ್‌ಗಳು ಅವನ ಮೇಲೆ ಎಸೆದರು. ಒಬ್ಬೊಬ್ಬರಾಗಿ ಮೂವರು ಪಿಚರ್‌ಗಳು ಹೊರಬಿದ್ದರು. ಎಂಟನೇ ಇನಿಂಗ್ಸ್‌ನಲ್ಲಿ ಕ್ರೇಗ್ ಲೆಫರ್ಟ್ಸ್ ಕೊನೆಗೂ ಅವನಿಗೆ ತಗುಲಿಸಿದ. ಅಷ್ಟರಲ್ಲಿ ಮೈದಾನದಲ್ಲಿ ಮತ್ತೆ ಮತ್ತೆ ಹೊಡೆದಾಟ, ಹತ್ತಕ್ಕೂ ಹೆಚ್ಚು ಮಂದಿ ಹೊರಗೆ, ಪ್ರೇಕ್ಷಕರೂ ಒಳನುಗ್ಗಿದರು. ಸ್ಯಾನ್ ಡಿಯೇಗೊ ಮ್ಯಾನೇಜರ್ ಡಿಕ್ ವಿಲಿಯಮ್ಸ್‌ಗೆ ಹತ್ತು ದಿನಗಳ ನಿಷೇಧ, 10,000 ಡಾಲರ್ ದಂಡ. ಪಂದ್ಯವನ್ನು ಅಟ್ಲಾಂಟಾ 5–3ರಿಂದ ಗೆದ್ದಿತು, ಗೆದ್ದ ಪಿಚರ್ ಪೆರೆಸ್. ಸರಿಯಾದ ಗುರಿಯೇ ಇದ್ದಾಗಲೂ ಗತಿ ಇದು. ಈಗ ಆ ಗುರಿಯೂ ಇಲ್ಲ: ಅಮೆರಿಕನ್ ಲೀಗ್‌ನಲ್ಲಿ 1973ರಿಂದ, ನ್ಯಾಷನಲ್ ಲೀಗ್‌ನಲ್ಲಿ 2022ರಿಂದ ಪಿಚರ್ ಬದಲಿಗೆ ನಿಯೋಜಿತ ಹಿಟ್ಟರ್ ಬ್ಯಾಟ್ ಮಾಡುತ್ತಾನೆ. ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ಮಾಡುವ ಶೋಹೆ ಒಹ್ತಾನಿಯಂಥ ಅಪರೂಪದವರನ್ನು ಬಿಟ್ಟರೆ, ಹೊಡೆದ ಪಿಚರ್ ಡಗೌಟಿನಲ್ಲಿ ಸುರಕ್ಷಿತ.

ಸೇಡಿಗೆ ಶಿಸ್ತಿನ ಮುಖವಾಡ ಹಾಕುವವರಿಗೆ ಇನ್ನೊಂದು ಸಂಗತಿ. 1952ರಿಂದ 2009ರವರೆಗಿನ 57,000ಕ್ಕೂ ಹೆಚ್ಚು ಮೇಜರ್ ಲೀಗ್ ಪಂದ್ಯಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ತನ್ನ ತಂಡದವನಿಗೆ ಏಟು ಬಿದ್ದ ಮೇಲೆ ಪಿಚರ್ ಎದುರಾಳಿಗೆ ಹೊಡೆಯುವ ಸಾಧ್ಯತೆ ಬಿಸಿಲಿನ ದಿನಗಳಲ್ಲಿ ಹೆಚ್ಚು ಎಂದು ಕಂಡುಕೊಂಡಿತು. ತಣ್ಣನೆಯ ಲೆಕ್ಕಾಚಾರದ ಶಿಕ್ಷೆಯಾಗಿದ್ದರೆ ಅದು ತಾಪಮಾನ ನೋಡಿ ಏರುತ್ತಿರಲಿಲ್ಲ.

ಉಳಿಯುವುದು ನಿಷ್ಠೆಯ ವಾದ: 'ನನ್ನ ಪಿಚರ್ ನನ್ನನ್ನು ಕಾಯುತ್ತಾನೆ' ಎಂಬ ನಂಬಿಕೆ ತಂಡಕ್ಕೆ ಬೇಕು. ಈ ಭಾವನೆ ನಿಜವಾದದ್ದು, ಮ್ಯಾನೇಜರ್ ಇದಕ್ಕೆ ಉತ್ತರ ಕೊಡಲೇಬೇಕು. ಆದರೆ ಕಾಯುವ ದಾರಿ ಬೇರೆ. ಹ್ಯಾಮಲ್ಸ್ ಆ ದಿನ ಹೊಡೆದದ್ದು ವಾಷಿಂಗ್ಟನ್‌ನ ಹತ್ತೊಂಬತ್ತರ ಹುಡುಗ ಬ್ರೈಸ್ ಹಾರ್ಪರ್‌ಗೆ. ಹಾರ್ಪರ್ ಮಾತಿಲ್ಲದೆ ಮೊದಲ ಬೇಸ್‌ಗೆ ಹೋದ, ಮುಂದಿನ ಸಿಂಗಲ್‌ಗೆ ಮೂರನೇ ಬೇಸ್ ಮುಟ್ಟಿದ, ಹ್ಯಾಮಲ್ಸ್ ಮೊದಲ ಬೇಸ್‌ನತ್ತ ಚೆಂಡು ಎಸೆದ ಕ್ಷಣದಲ್ಲಿ ಓಡಿ ಹೋಮ್ ಪ್ಲೇಟನ್ನೇ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ರನ್ ಗಳಿಸಿದ. ಅದೇ ಹಾರ್ಪರ್ 2017ರಲ್ಲಿ ಎದುರಾಳಿ ಪಿಚರ್ ಹಂಟರ್ ಸ್ಟ್ರಿಕ್‌ಲೆಂಡ್ ಹೊಡೆದಾಗ ಅವನ ಮೇಲೆ ಏರಿಹೋದ: ತನಗೆ ನಿಷೇಧ, ಮತ್ತು ಆ ನೂಕುನುಗ್ಗಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೈಕೆಲ್ ಮೋರ್ಸ್ ತನ್ನದೇ ತಂಡದವನಿಗೆ ಡಿಕ್ಕಿ ಹೊಡೆದು ಮೆದುಳಿಗೆ ಪೆಟ್ಟಾಗಿ ಮತ್ತೆ ಮೇಜರ್ ಲೀಗ್ ಆಡಲೇ ಇಲ್ಲ. 2002ರ ಜೂನ್ 15ರ ಪಂದ್ಯವನ್ನೂ ನೆನೆಯಬೇಕು. ಎರಡು ವರ್ಷದ ಹಿಂದೆ ಮೆಟ್ಸ್‌ನ ಮೈಕ್ ಪಿಯಾಟ್ಸಾನ ತಲೆಗೆ ಹೊಡೆದಿದ್ದ ಯಾಂಕೀಸ್ ಪಿಚರ್ ರೋಜರ್ ಕ್ಲೆಮೆನ್ಸ್ ಮೆಟ್ಸ್ ಅಂಗಳದಲ್ಲಿ ಬ್ಯಾಟ್ ಹಿಡಿದು ನಿಂತಿದ್ದ. ಸೇಡಿಗೆಂದು ಶಾನ್ ಎಸ್ಟಿಸ್ ಎಸೆದ ಚೆಂಡು ಅವನ ಹಿಂದಿನಿಂದ ಹೋಯಿತು, ತಗುಲಲಿಲ್ಲ. ನಂತರ ಎಸ್ಟಿಸ್ ಕ್ಲೆಮೆನ್ಸ್‌ಗೆ ಹೋಮ್ ರನ್ ಬಾರಿಸಿದ, ಪಿಯಾಟ್ಸಾನೂ ಬಾರಿಸಿದ, ಮೆಟ್ಸ್ 8–0ರಿಂದ ಗೆದ್ದಿತು. 2025ರ ಜೂನ್ 19ರಂದು ಸ್ಯಾನ್ ಡಿಯೇಗೊದ ರಾಬರ್ಟ್ ಸುವಾರೆಸ್ ಒಂಬತ್ತನೇ ಇನಿಂಗ್ಸ್‌ನಲ್ಲಿ ಒಹ್ತಾನಿಗೆ ಹೊಡೆದಾಗ, ಒಹ್ತಾನಿ ತನ್ನ ಡಗೌಟಿನತ್ತ ಕೈ ಬೀಸಿ ಯಾರೂ ಬರಬೇಡಿ ಎಂದು ತಡೆದ. ತಂಡದ ಅತಿ ದೊಡ್ಡ ಆಟಗಾರನೇ ಹಾಗೆ ತಡೆದಾಗ ನಿಷ್ಠೆಯ ಪ್ರಶ್ನೆ ಏಳುವುದಿಲ್ಲ.

ಹಾಗಾದರೆ ಏಟು ಬಿದ್ದ ಕ್ಷಣದಲ್ಲಿ ಏನು ಮಾಡಬೇಕು? ಮೊದಲು ಗಾಯ. ತಲೆಗೆ ಬಿದ್ದಿದ್ದರೆ ಆಟಗಾರ 'ಏನೂ ಆಗಿಲ್ಲ' ಎಂದರೂ ಅವನನ್ನು ಹೊರಗೆ ಕರೆದು ಪರೀಕ್ಷಿಸಬೇಕು. ಮೆದುಳಿನ ಪೆಟ್ಟಿಗೆಂದೇ ಮೇಜರ್ ಲೀಗ್‌ನಲ್ಲಿ 2011ರಿಂದ ಏಳು ದಿನಗಳ ಪ್ರತ್ಯೇಕ ಗಾಯಾಳು ಪಟ್ಟಿಯಿದೆ. ಮ್ಯಾನೇಜರ್ ಅಂಪೈರ್ ಬಳಿ ಹೋಗಿ ಕೂಗಾಡದೆ ಎಣಿಸಿ ಹೇಳಬೇಕು: ಮೊದಲ ಎಸೆತ, ಫಾಸ್ಟ್‌ಬಾಲ್, ಹಿಂದಿನ ಸರದಿಯ ಹೋಮ್ ರನ್. ಆದರೆ ಎಚ್ಚರಿಕೆ ಘೋಷಣೆಯಾಗುವ ಮೊದಲೇ ಹೋಗಬೇಕು, ಘೋಷಣೆಯಾದ ಮೇಲೆ ಅದನ್ನು ಪ್ರಶ್ನಿಸಲು ಮೈದಾನಕ್ಕೆ ಬಂದರೆ ಅವನನ್ನೇ ಕಳಿಸಬಹುದು. ಇನಿಂಗ್ಸ್ ಮುಗಿದ ಕೂಡಲೇ ಮ್ಯಾನೇಜರ್ ತನ್ನ ಪಿಚರ್ ಪಕ್ಕ ಕೂತು 'ಯಾರಿಗೂ ಹೊಡೆಯಬೇಡ, ಜವಾಬ್ದಾರಿ ನನ್ನದು' ಎಂದು ಬಾಯಿಬಿಟ್ಟು ಹೇಳಬೇಕು. ಸುಮ್ಮನಿದ್ದರೆ ಕಿರಿಯ ಪಿಚರ್ ಆ ಮೌನವನ್ನು ಅಪ್ಪಣೆ ಎಂದುಕೊಳ್ಳುತ್ತಾನೆ. ಒಳ ಅಂಚಿನ ಎಸೆತ ಬಿಡಬೇಕಿಲ್ಲ, ಅದು ಆಟದ ಹಕ್ಕು. ಕ್ಯಾಚರ್ ಒಳ ಅಂಚಿನಲ್ಲಿ ಸೊಂಟದ ಪಟ್ಟಿಗಿಂತ ಕೆಳಗೆ ಗ್ಲೌಸ್ ಹಿಡಿಯಲಿ. ಮೊದಲ ಬೇಸ್‌ನಲ್ಲಿರುವ ಓಟಗಾರನಿಗೆ ಕದಿಯುವ ಸಂಕೇತ ಕೊಡಿ. ಪಂದ್ಯದ ನಂತರ ವಿಡಿಯೊ ಸಮೇತ ಲೀಗ್ ಕಚೇರಿಗೆ ದೂರು ಕೊಡಿ. ಉರೆನ್ಯಾ, ಬಾರ್ನ್ಸ್, ಸುವಾರೆಸ್ ಎಲ್ಲರಿಗೂ ನಿಷೇಧ ಬಂದದ್ದು ಅಲ್ಲಿಂದಲೇ.

ನಿಮ್ಮ ಮಗನ ವಿಷಯ ಇನ್ನೂ ಗಂಭೀರ. ಲಿಟಲ್ ಲೀಗ್‌ನಲ್ಲಿ ಪಿಚರ್ ನಿಲ್ಲುವುದು 46 ಅಡಿಯಲ್ಲಿ. ಆ ವಯಸ್ಸಿನ ಹುಡುಗರ ಎದೆಗೂಡು ಮೆತ್ತಗಿರುತ್ತದೆ. ಹೃದಯಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಎದೆಗೆ ಚೆಂಡು ಬಡಿದರೆ, ಮೂಳೆ ಮುರಿಯದಿದ್ದರೂ ಹೃದಯದ ಲಯ ತಪ್ಪಿ ಹುಡುಗ ಕುಸಿಯಬಹುದು. ಇದಕ್ಕೆ ಭಾರೀ ವೇಗ ಬೇಕಿಲ್ಲ, ಗಂಟೆಗೆ 40 ಮೈಲಿ ಸಾಕು. ಆದ್ದರಿಂದ ಅವನು ಪಿಚರ್ ಆದರೆ, ಯಾರೇ ಹೇಳಿದರೂ, ಕೋಚ್ ಹೇಳಿದರೂ, ಯಾರ ಮೈಗೂ ಎಸೆಯಕೂಡದು. ಹಾಗೆ ಹೇಳುವ ಕೋಚ್ ಇದ್ದರೆ ನೀವು ಲೀಗ್‌ಗೆ ತಿಳಿಸಬೇಕು. ಮೈದಾನದಲ್ಲಿ ಎಇಡಿ (ವಿದ್ಯುತ್ ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ) ಯಂತ್ರ ಎಲ್ಲಿದೆ, ಅದನ್ನು ಬಳಸಲು ಯಾರಿಗೆ ಬರುತ್ತದೆ ಎಂದು ಋತುವಿನ ಮೊದಲ ದಿನವೇ ಕೇಳಿ. ಕುಸಿದ ಮೂರು ನಿಮಿಷದೊಳಗೆ ಅದು ಎದೆಗೆ ತಾಗಬೇಕು, ಅಲ್ಲಿಯವರೆಗೆ ಎದೆ ಒತ್ತುವುದನ್ನು ನಿಲ್ಲಿಸಬಾರದು.

ಬ್ಯಾಟ್ ಹಿಡಿದಾಗ ಚೆಂಡಿನಿಂದ ತಿರುಗಿಕೊಳ್ಳುವುದನ್ನು ಮನೆಯಂಗಳದಲ್ಲೇ ಕಲಿಸಬಹುದು. ಮಕ್ಕಳು ಮಾಡುವ ತಪ್ಪು ಒಂದೇ: ಹೆದರಿ ಪಿಚರ್ ಕಡೆಗೆ ಎದೆ ತೆರೆದು ಕೈ ಅಡ್ಡ ಹಿಡಿಯುತ್ತಾರೆ, ಮುಖ, ಎದೆ, ಬೆರಳು ಮೂರೂ ಸಿಕ್ಕಿಬೀಳುತ್ತವೆ. ಮಾಡಬೇಕಾದದ್ದು ಇದರ ವಿರುದ್ಧ. ಪಿಚರ್ ಕಡೆಗಿರುವ ಭುಜವನ್ನು ಒಳಕ್ಕೆ, ಕ್ಯಾಚರ್ ಕಡೆಗೆ ತಿರುಗಿಸಬೇಕು; ಗದ್ದವನ್ನು ಎದೆಗೆ ಒತ್ತಿ, ಬ್ಯಾಟನ್ನು ಕೆಳಕ್ಕಿಳಿಸಿ, ಕೈಗಳನ್ನು ಹೊಟ್ಟೆಗೆ ಅವುಚಿಕೊಂಡು ಬೆನ್ನು ಕೊಡಬೇಕು. ಹೆಲ್ಮೆಟ್ ಹಾಕಿಸಿ, 20 ಅಡಿ ದೂರದಿಂದ ಟೆನಿಸ್ ಚೆಂಡನ್ನು ಮೆಲ್ಲಗೆ ಎಸೆಯಿರಿ. ಹತ್ತರಲ್ಲಿ ಏಳು ಚೆಂಡು ಸ್ಟ್ರೈಕ್ ವಲಯಕ್ಕೆ ಹೋಗಲಿ, ಮೂರು ಮೈಮೇಲೆ ಬರಲಿ, ಯಾವುದು ಎಂಬುದು ಅವನಿಗೆ ಮೊದಲೇ ಗೊತ್ತಾಗಬಾರದು. ಎಲ್ಲವೂ ಮೈಮೇಲೆ ಬಂದರೆ ಅವನು ಪ್ಲೇಟಿನಿಂದ ದೂರ ಕಾಲಿಡುವುದನ್ನು ಕಲಿಯುತ್ತಾನೆ, ಆ ಅಭ್ಯಾಸ ಬಿಡಿಸುವುದು ಕಷ್ಟ.